ದೋಣಿಯ ಶಾಫ್ಟ್ ಬುಶ್ (ಶಾಫ್ಟು ಒಳಗೆ ತಿರುಗೋ ಲೋಹದ ಕೊಳವೆ) ಸವೆದಿದೆ, ಲೇತಲ್ಲೇ ಮಾಡಿಸಬಹುದಾ? ಅನುಭವ ಇದ್ದವರು ಹೇಳಿ

ಶರಾವತಿ ಹಿನ್ನೀರಲ್ಲಿ ಓಡೋ ಮರದ ದೋಣಿ, ಒಳಗೆ ಡೀಸೆಲ್ ಎಂಜಿನ್, ಒಂದಿಂಚು ಶಾಫ್ಟು. ಫ್ಯಾನು (ಪ್ರೊಪೆಲ್ಲರ್) ಹಿಡಿದು ಅಲ್ಲಾಡಿಸಿದರೆ ಒಂದೂವರೆ ಮಿ.ಮೀ. ಆಟ ಇದೆ. ಶಾಫ್ಟಿನ ಸುತ್ತ ನೀರು ತಡೆಯೋ ಗ್ಲ್ಯಾಂಡಲ್ಲಿ ನೀರು ಸುರೀತಿದೆ. ಬುಶ್ ಅಂಗಡೀಲಿ ಸಿಗ್ತಿಲ್ಲ.

ಸಾಗರದ ಲೇತು: ಗನ್ ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಹಾಲೋ, ಅಂದ್ರೆ ನಡುವೆ ತೂತಿರೋ ರಾಡು ತನ್ನಿ. ನಮ್ಮದಕ್ಕೆ ಹೊರಗೆ 45, ತೂತು 20, ಉದ್ದ 110 ಮಿ.ಮೀ., 1.2 ಕೆ.ಜಿ. ತೂಗಿತು. ಕೆ.ಜಿ.ಗೆ 950ರಂತೆ 1,140, ಕಡೆಯುವ ಕೂಲಿ 700. ಮೊದಲನೇದು ಹಾಳಾಯ್ತು: ಒಳತೂತನ್ನು ಅಳತೆಗೆ ಕಡೆದು ಮುಗಿಸಿ ಆಮೇಲೆ ಬುಶ್ ಕೂರೋ ಟ್ಯೂಬಿಗೆ ಒತ್ತಿದ್ದು ತಪ್ಪು. 0.03 ಮಿ.ಮೀ. ಬಿಗಿ ಕೊಟ್ಟು ಒತ್ತಿದರೆ ಒಳತೂತು ಹೆಚ್ಚುಕಮ್ಮಿ ಅಷ್ಟೇ ಕುಗ್ಗುತ್ತೆ, ಶಾಫ್ಟು ಹಿಡಿಯುತ್ತೆ. ಒತ್ತಿದ ಮೇಲೇ ರೀಮರ್ (ತೂತನ್ನು ಅಳತೆಗೆ ತರೋ ಉಪಕರಣ) ಹಾಕಿ. ಗ್ರೀಸಿಲ್ಲದೆ ನೀರಲ್ಲೇ ಓಡೋ ಬುಶ್ ಆದರೆ 0.20 ಮಿ.ಮೀ. ಸಡಿಲ ಬೇಕು, ಒಳಮೈಯಲ್ಲಿ ಉದ್ದಕ್ಕೂ ತೆರೆದ ನಾಲ್ಕು ಗಾಡಿ (ಸಣ್ಣ ತೋಡು) ಕೊರೆಸಿ. ಭಾರ ಕೂರುವ ಅಡಿಭಾಗದಲ್ಲಿ ಮಾತ್ರ ಗಾಡಿ ಬೇಡ.

ಹೊಸನಗರ ಕುಲುಮೆ: 1,840 ರೂಪಾಯಿ ಯಾಕೆ ಮಾರಾಯ್ರೆ? ಗುಜರಿಯ ಹಿತ್ತಾಳೆ ನಲ್ಲಿ ಎರಡೂವರೆ ಕೆ.ಜಿ. ಕರಗಿಸಿ ಮರಳಚ್ಚಲ್ಲಿ ಎರಕ ಹೊಯ್ದೆ. ಮೊದಲ ಎರಡರಲ್ಲಿ ಗಾಳಿಗುಳ್ಳೆ, ಮೂರನೇದು ಚೊಕ್ಕ. ಮೇಲೆ ಎರಡಿಂಚು ಹೆಚ್ಚುವರಿ ಲೋಹ ನಿಲ್ಲಿಸಿದರೆ ಕುಗ್ಗಿದ ಗುಳಿಯೆಲ್ಲ ಅಲ್ಲಿಗೇ ಹೋಗುತ್ತೆ, ಕೊಯ್ದು ಬಿಸಾಕೋದು.

ಸಾಗರದ ಲೇತು: ನಲ್ಲಿಯ ಹಿತ್ತಾಳೆ ಗನ್ ಮೆಟಲ್ ಅಲ್ಲ. ಗನ್ ಮೆಟಲಲ್ಲಿ ತಾಮ್ರ 88, ತವರ 10, ಸತು 2. ನಲ್ಲಿಯಲ್ಲಿ ಮೂರನೇ ಒಂದು ಪಾಲಿಗೂ ಮೇಲೆ ಸತು, ಕಾಯಿಸಿದರೆ ಬಿಳಿ ಹೊಗೆ, ಉಸಿರಾಡಿದರೆ ಜ್ವರ. ನಮ್ಮ ಮಳೆಗಾಲದ ತೇವದ ಅಚ್ಚಿಗೆ ಹೊಯ್ದರೆ ಆವಿ ಸಿಡಿದು ಕರಗಿದ ಲೋಹ ಮುಖಕ್ಕೆ ಹಾರುತ್ತೆ. ಹೊಸಬರಿಗೆ ಇದನ್ನ ಹೇಳಿಕೊಡಬೇಡಿ.

ಹೊಸನಗರ ಕುಲುಮೆ: ಏಪ್ರಿಲಲ್ಲಿ ಹೊಯ್ದದ್ದು, ಅಚ್ಚು ಒಲೆ ಮೇಲೆ ಒಣಗಿಸಿದ್ದು, ಬಯಲಲ್ಲಿ. ಮೂರು ವರ್ಷ ಓಡಿದೆ. ನಿಮ್ಮ ತೆರೆದ ಗಾಡಿಯೊಳಗೆ ಮಳೆಗಾಲದ ಕೆಂಪು ನೀರಿನ ಮರಳು ನುಗ್ಗಲ್ವಾ? ನಾನು ಗ್ರೀಸ್ ಹಾಕ್ತೀನಿ.

ಸಾಗರದ ಲೇತು: ಗ್ರೀಸಿಗೆ ಮರಳು ಸೇರಿದರೆ ಅದೇ ಅರೆಯೋ ಪೇಸ್ಟು. ಶಾಫ್ಟನ್ನೇ ತಿನ್ನುತ್ತೆ. ಗ್ರೀಸ್ ಬೇಕೇ ಬೇಕಾದರೆ ಗಾಡಿಯನ್ನು ಹೊರತುದಿಗಿಂತ ಹತ್ತು ಮಿ.ಮೀ. ಮೊದಲೇ ನಿಲ್ಲಿಸಿ.

ಹಿನ್ನೀರು: ಇಬ್ಬರೂ ಬುಶ್ಶಿಗೇ ಜಗಳ. ಬುಶ್ ಒಂದೇ ಬದಿ ಸವೆದಿದೆಯಾ ನೋಡಿ. ಹೌದಾದರೆ ತಪ್ಪು ಎಂಜಿನ್ ಕೂತಿರೋದರಲ್ಲಿ, ಇಲ್ಲಾ ಶಾಫ್ಟು ಬಗ್ಗಿದೆ. ಬೇಸಿಗೇಲಿ ನೀರಿಳಿದಾಗ ಮುಳುಗಿದ ಕಾಡಿನ ಬೊಡ್ಡೆಗೆ ಫ್ಯಾನು ಬಡಿದರೆ ಸಾಕು. ಎರಡು ವಿ ಬ್ಲಾಕ್ (ವಿ ಆಕಾರದ ಆಸರೆ) ಮೇಲೆ ಶಾಫ್ಟಿಟ್ಟು ತಿರುಗಿಸಿ, ಡಯಲ್ ಗೇಜ್ ಹಚ್ಚಿ ಬಾಗು ನೋಡಿ. ಎಂಜಿನ್ನು ಶಾಫ್ಟು ಕೂಡೋ ಕಪ್ಲಿಂಗ್ ಸಂದನ್ನು ನಾಲ್ಕೂ ಕಡೆ ಫೀಲರಲ್ಲಿ (ಸಂದು ಅಳೆಯೋ ತೆಳು ಪಟ್ಟಿ) ಅಳೆಯಿರಿ, ವ್ಯತ್ಯಾಸ 0.1 ಮಿ.ಮೀ. ಮೀರಬಾರದು. ದೋಣಿ ನೀರಿಗಿಳಿಸಿ ಎರಡು ದಿನ ಬಿಟ್ಟೇ ಅಳೆಯೋದು, ಮರದ ಒಡಲು ದಡದ ಮೇಲಿದ್ದ ಹಾಗೆ ನೀರಲ್ಲಿ ಇರಲ್ಲ. ಇದನ್ನ ಬಿಟ್ಟದ್ದಕ್ಕೇ ನಮ್ಮ ಹೊಸ ಬುಶ್ಶು ಒಂದೇ ಮಳೆಗಾಲಕ್ಕೆ ಹೋಯ್ತು. ಜೊತೆಗೆ ಶಾಫ್ಟಿಗೆ ತಂದ 304 ಸ್ಟೇನ್‌ಲೆಸ್ ಸ್ಟೀಲಿನ ರಾಡೂ ಒಂದೂವರೆ ಮೀಟರ್ ನಷ್ಟ.

ತೀರ್ಥಹಳ್ಳಿ ತೆಪ್ಪ: ಬೊಡ್ಡೆ ಅಂದ್ರಲ್ಲ, ಔಟ್‌ಬೋರ್ಡಿನ (ದೋಣಿಯ ಹಿಂದೆ ಹೊರಗೆ ಕಟ್ಟೋ ಎಂಜಿನ್) ಫ್ಯಾನಿಗೆ ಹಿತ್ತಾಳೆ ಪಿನ್ ಬದಲು ಸ್ಟೀಲ್ ಪಿನ್ ಮಾಡಿ ಹಾಕಿದರೆ ಆ ತೊಂದ್ರೆನೇ ಇಲ್ಲ.

ಹಿನ್ನೀರು: ಅಯ್ಯೋ ಮಾರಾಯಾ, ಆ ಪಿನ್ ಇರೋದೇ ಮುರಿಯೋಕೆ! ಸ್ಟೀಲ್ ಹಾಕಿದರೆ ಪಿನ್ ಉಳಿದು ಗೇರು ಹೋಗುತ್ತೆ. ಹಿತ್ತಾಳೆಯವೇ ಹತ್ತು ಕತ್ತರಿಸಿ ಡಬ್ಬೀಲಿ ಇಟ್ಕೊಳ್ಳಿ.