ಸೇಡಂ ಮಾಮಾ ಹಾಕಿದ ಟೈಟಾನಿಕ್ ಫಾರ್ವರ್ಡ್‌ಗೆ ನನ್ನ ಉತ್ತರ

ಮಾಮಾ, ನಮಸ್ಕಾರ. ಗ್ರೂಪಿನ ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತೆ, ರೊಟ್ಟಿ ಬಡಿಯುತ್ತಿರುವವರು ಬಡಿಯುತ್ತಲೇ ಕೇಳಿ.

ನಿನ್ನೆ ರಾತ್ರಿ ಮಾಮಾ ಒಂದು ಫಾರ್ವರ್ಡ್ ಹಾಕಿದ್ದರು. ಟೈಟಾನಿಕ್ ಮುಳುಗುವುದನ್ನು ಹದಿನಾಲ್ಕು ವರ್ಷ ಮೊದಲೇ ಒಬ್ಬ ಬರೆದಿಟ್ಟಿದ್ದ. ಚಂದ್ರನ ಕಡೆ ಮೂವರು ಹೋಗುವುದನ್ನು ನೂರು ವರ್ಷ ಮೊದಲೇ ಇನ್ನೊಬ್ಬ ಬರೆದಿದ್ದ. ಅಣುಬಾಂಬು, ಮೊಬೈಲು ಎಲ್ಲಾ ಕತೆಗಳಲ್ಲಿ ಮೊದಲೇ ಇತ್ತು. ಆ ಲೇಖಕರಿಗೆ ದಿವ್ಯದೃಷ್ಟಿ ಇತ್ತು, ಹತ್ತು ಜನಕ್ಕೆ ಕಳಿಸಿ ಅಂತ. ಅದರ ಕೆಳಗೆ ಶಹಾಪುರ ಅತ್ತಿ ಕೊಡೇಕಲ್ ಬಸವಣ್ಣನವರ ಕಾಲಜ್ಞಾನ ನೆನಪಿಸಿದರು. ತಮ್ಮ ಬರೀ 'ಫೇಕ್' ಅಂತ ಹಾಕಿ ಸುಮ್ಮನಾದ.

ಅತ್ತಿ, ಕಾಲಜ್ಞಾನ ನಂಬಿಕೆಯ ವಿಷಯ, ಅದರಲ್ಲಿ ನಾನು ಬಾಯಿ ಹಾಕಲ್ಲ. ಆದರೆ ತಮ್ಮಾ, ಹೀಗೆ ಒಂದೇ ಮಾತಲ್ಲಿ ತಳ್ಳಿಹಾಕುವಂಥದ್ದೂ ಅಲ್ಲ ಇದು. ಕತೆಗಳು ನಿಜ, ತಾರೀಖುಗಳೂ ಬಹುಪಾಲು ಸರಿ. ನನ್ನ ತಕರಾರು ಇರುವುದು ಆ ದಿವ್ಯದೃಷ್ಟಿ ಅನ್ನುವ ಕಡೆ. ಬರೆದವನನ್ನು ಹೊಗಳುವ ಭರದಲ್ಲಿ ಓದಿದವನನ್ನು ಎಲ್ಲರೂ ಮರೆತುಬಿಡುತ್ತಾರೆ. ಅಸಲಿ ಕೆಲಸ ಮಾಡಿದ್ದು ಓದಿದವರು.

ಮೊದಲು ಹಡಗು. ಬರೆದವನು ಮಾರ್ಗನ್ ರಾಬರ್ಟ್‌ಸನ್, ಅಮೆರಿಕದವನು, 1898ರಲ್ಲಿ. ಕತೆಯ ಹಡಗಿನ ಹೆಸರು ಟೈಟನ್. ಜಗತ್ತಿನಲ್ಲೇ ದೊಡ್ಡದು, ಮುಳುಗುವುದೇ ಇಲ್ಲ ಅಂತ ಹೆಸರು ಮಾಡಿದ್ದು. ಏಪ್ರಿಲ್ ತಿಂಗಳ ಒಂದು ರಾತ್ರಿ ಉತ್ತರ ಅಟ್ಲಾಂಟಿಕ್‌ನಲ್ಲಿ ಹಿಮಗುಡ್ಡಕ್ಕೆ ಗುದ್ದುತ್ತದೆ. ಜೀವ ಉಳಿಸುವ ದೋಣಿ ಇದ್ದದ್ದು 24. ಇನ್ನು ನಿಜವಾದ ಟೈಟಾನಿಕ್ 1912ರ ಏಪ್ರಿಲ್ 14ರ ರಾತ್ರಿ ಗುದ್ದಿತು, ನಸುಕಿಗೆ ಮೊದಲೇ ಮುಳುಗಿತು. ದೋಣಿ 20. ಹಡಗಿನಲ್ಲಿದ್ದವರು ಸುಮಾರು 2,200. ಎಲ್ಲ ದೋಣಿ ತುಂಬಿಸಿದರೂ ಹಿಡಿಸುತ್ತಿದ್ದದ್ದು 1,178 ಜನ. ಸತ್ತವರು ಸುಮಾರು 1,500. ಇಷ್ಟು ಓದಿದರೆ ಯಾರಿಗಾದರೂ ಮೈ ಜುಮ್ ಅನ್ನುತ್ತೆ, ಅಲ್ವಾ?

ಆದರೆ ಫಾರ್ವರ್ಡ್ ಬರೆದವನು ಕತೆ ಪೂರ್ತಿ ಓದಿಲ್ಲ. ಹಡಗು ಮುಳುಗಿದ ಮೇಲೂ ಕತೆ ನಡೆಯುತ್ತದೆ. ನಾಯಕ ನೌಕಾಪಡೆಯಿಂದ ಹೊರಬಿದ್ದ ಒಬ್ಬ ಕುಡುಕ. ಒಂದು ಹೆಣ್ಣುಮಗುವಿನ ಜೊತೆ ಅದೇ ಹಿಮಗುಡ್ಡದ ಮೇಲೆ ಸಿಕ್ಕಿಕೊಳ್ಳುತ್ತಾನೆ. ಅಲ್ಲಿಗೆ ಹಿಮಕರಡಿ ಬರುತ್ತೆ! ಅದರ ಜೊತೆ ಕಾದಾಡಿ ಮಗುವನ್ನು ಉಳಿಸುತ್ತಾನೆ. ಟೈಟಾನಿಕ್‌ನಲ್ಲಿ ಕರಡಿ ಎಲ್ಲಿತ್ತು ಮಾಮಾ? ಇನ್ನೊಂದು, 1912ರಲ್ಲಿ ನಿಜವಾದ ಹಡಗು ಮುಳುಗಿದ ಮೇಲೆ ಈ ಪುಸ್ತಕವನ್ನು ಮತ್ತೆ ಅಚ್ಚು ಹಾಕಿದರು. ಆಗ ಟೈಟನ್‌ನ ತೂಕ, ಎಂಜಿನ್ ಶಕ್ತಿ ಎರಡನ್ನೂ ಜಾಸ್ತಿ ಮಾಡಿ ತಿದ್ದಿದರು.

ಹೆಸರು ಹೊಂದಿದ್ದು ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಯಾದ ಹಾಗೆ. ಆದರೆ ದೋಣಿಯ ವಿಷಯ ಹಾಗಲ್ಲ. ಬ್ರಿಟನ್ನಿನಲ್ಲಿ 1894ರ ನಿಯಮ ಇತ್ತು. 10,000 ಟನ್ನಿಗಿಂತ ದೊಡ್ಡ ಹಡಗಾದರೆ 16 ದೋಣಿ ಇರಬೇಕು. ಅಲ್ಲಿಗೆ ನಿಯಮ ಮುಗಿಯಿತು. ಹಡಗು ಹನ್ನೆರಡು ಸಾವಿರ ಟನ್ ಇದ್ದರೂ ಅಷ್ಟೇ, ಟೈಟಾನಿಕ್‌ನ ಹಾಗೆ 46 ಸಾವಿರ ಟನ್ ಇದ್ದರೂ ಅಷ್ಟೇ. ಲೆಕ್ಕಕ್ಕೆ ನೋಡಿದರೆ ಟೈಟಾನಿಕ್‌ನವರು ಕಾನೂನು ಕೇಳಿದ್ದಕ್ಕಿಂತ ಜಾಸ್ತಿಯೇ ದೋಣಿ ಇಟ್ಟಿದ್ದರು! ರಾಬರ್ಟ್‌ಸನ್ ವರ್ಷಗಟ್ಟಲೆ ಹಡಗಿನಲ್ಲಿ ದುಡಿದವನು, ಅವನ ಅಪ್ಪನೂ ಹಡಗಿನ ಕ್ಯಾಪ್ಟನ್. ಹಡಗು ದೊಡ್ಡದಾಗುತ್ತಾ ಹೋಗುತ್ತಿದೆ, ವೇಗ ಏರುತ್ತಿದೆ, ದೋಣಿ ಮಾತ್ರ ಅಷ್ಟೇ ಇದೆ ಅನ್ನುವುದು ಅಂಥವನ ಕಣ್ಣಿಗೆ ಬೀಳದೆ ಇರುತ್ತಾ? ಏಪ್ರಿಲ್‌ನಲ್ಲಿ ಆ ದಾರಿಗೆ ಹಿಮಗುಡ್ಡ ತೇಲಿಬರುವುದೂ ನಾವಿಕರಿಗೆ ಹೊಸದೇನಲ್ಲ. ನಿಜಕ್ಕೂ ಸಿಟ್ಟು ಬರಬೇಕಾದದ್ದು ಇನ್ನೊಂದಕ್ಕೆ. ಕತೆ ಹದಿನಾಲ್ಕು ವರ್ಷ ಅಂಗಡಿಯಲ್ಲಿದ್ದರೂ ನಿಯಮ ಬರೆಯುವವರು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಚಂದ್ರನ ಕತೆ ಜೂಲ್ಸ್ ವರ್ನ್‌ದು, ಫ್ರಾನ್ಸಿನವನು, 1865. ಮೂವರು ಫ್ಲೋರಿಡಾದಿಂದ ಹೊರಡುತ್ತಾರೆ, ಮುಂದಿನ ಭಾಗದಲ್ಲಿ ಪೆಸಿಫಿಕ್ ಸಮುದ್ರಕ್ಕೆ ಬಂದು ಬೀಳುತ್ತಾರೆ. ಅಪೊಲೊ 11 ಕೂಡ ಹಾಗೇ ಮಾಡಿತು, 1969ರಲ್ಲಿ. ಚಂದ್ರ ನೆತ್ತಿಯ ಮೇಲೆ ಬರುವ ಜಾಗ ಬೇಕು ಅಂತ ಅಮೆರಿಕದ ನಕ್ಷೆ ಹರಡಿ ತೀರಾ ದಕ್ಷಿಣದ ಜಾಗ ಹುಡುಕಿದರೆ ಸಿಗುವುದು ಫ್ಲೋರಿಡಾ, ಇಲ್ಲಾ ಟೆಕ್ಸಾಸ್. ಕತೆಯಲ್ಲೂ ಆ ಎರಡು ರಾಜ್ಯಗಳು ನಮಗೆ ಬೇಕು ನಮಗೆ ಬೇಕು ಅಂತ ಜಗಳ ಆಡುತ್ತವೆ. ಅದು ಲೆಕ್ಕ ಹಾಕಿ ಬರೆದದ್ದು.

ನನಗೆ ಇಷ್ಟ ಆಗುವುದು ಅವನು ತಪ್ಪಿದ ಜಾಗ. ವರ್ನ್ ಕಳಿಸಿದ್ದು ರಾಕೆಟ್ಟಿನಲ್ಲಿ ಅಲ್ಲ, ತೋಪಿನಲ್ಲಿ. ಒಂಬೈನೂರು ಅಡಿ ಉದ್ದದ ತೋಪನ್ನು ನೆಲದಲ್ಲಿ ಹೂತು, ಒಳಗೆ ಜನರನ್ನು ಕೂರಿಸಿ ಗುಂಡಿನ ಹಾಗೆ ಹಾರಿಸುವುದು! ಹಾರಿಸಿದ ಕ್ಷಣವೇ ಒಳಗಿದ್ದವರು ಚಪ್ಪಟೆ. ಹರ್ಮನ್ ಓಬರ್ತ್ ಅನ್ನುವ ಹುಡುಗ ಈ ಪುಸ್ತಕವನ್ನು ಬಾಯಿಪಾಠ ಆಗುವಷ್ಟು ಸಲ ಓದಿದ. ಲೆಕ್ಕ ಹಾಕಿದ. ತೋಪಿನಲ್ಲಿ ಆಗಲ್ಲ, ನಿಧಾನವಾಗಿ ವೇಗ ಏರಿಸುವಂಥದ್ದು ಬೇಕು, ಅಂದರೆ ರಾಕೆಟ್ ಬೇಕು ಅಂತ ಕಂಡುಕೊಂಡ. ದೊಡ್ಡವನಾಗಿ 1923ರಲ್ಲಿ ರಾಕೆಟ್ ಬಗ್ಗೆ ಪುಸ್ತಕ ಬರೆದ. ಅದನ್ನು ಓದಿ ಬೆಳೆದವನು ವರ್ನರ್ ಫಾನ್ ಬ್ರೌನ್. ಅಪೊಲೊ 11ನ್ನು ಹೊತ್ತೊಯ್ದ ಸ್ಯಾಟರ್ನ್ ರಾಕೆಟ್ ಅವನ ಮುಂದಾಳತ್ವದಲ್ಲೇ ಆದದ್ದು. ಕತೆಯಲ್ಲಿದ್ದ ತಪ್ಪು ಒಬ್ಬ ಹುಡುಗನ ತಲೆ ಕೊರೆದದ್ದಕ್ಕೆ ಇಷ್ಟೆಲ್ಲಾ ಆಯಿತು.

ಮೊಬೈಲ್ ಬಗ್ಗೆ ಒಂದೇ ಮಾತು. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ರಸ್ತೆಯಲ್ಲಿ ನಿಂತು ಮೊದಲ ಕರೆ ಮಾಡಿದವನು ಮಾರ್ಟಿನ್ ಕೂಪರ್. ಅವನಿಗೆ ಟಿವಿಯ ಸ್ಟಾರ್ ಟ್ರೆಕ್ ನೋಡಿ ಐಡಿಯಾ ಬಂತು ಅಂತ ಮಾಮಾ ಕಳಿಸಿದ್ದರಲ್ಲಿ ಇದೆ. ಕೂಪರ್ ಆಮೇಲೆ ಹೇಳಿದ್ದು ಬೇರೆ. ಹುಡುಗನಾಗಿದ್ದಾಗ ಓದಿದ ಡಿಕ್ ಟ್ರೇಸಿ ಚಿತ್ರಕತೆಯಲ್ಲಿ ಪತ್ತೇದಾರ ಕೈಗಡಿಯಾರದಂಥ ರೇಡಿಯೋದಲ್ಲಿ ಮಾತಾಡುತ್ತಿದ್ದ, ಅದು ತಲೆಯಲ್ಲಿ ಕೂತಿತ್ತು ಅಂತ.

ಈಗ ಬಾಂಬಿನ ವಿಷಯ. ಇದನ್ನು ಫಾರ್ವರ್ಡ್‌ನಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದಾರೆ, ಎಲ್ಲಕ್ಕಿಂತ ದೊಡ್ಡದು ಇದೇ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1914ರಲ್ಲಿ ಒಂದು ಕಾದಂಬರಿ ಬರೆದ. ಅಣುವಿನ ಶಕ್ತಿಯನ್ನು ಬಿಡಿಸುವ ದಾರಿ 1933ರಲ್ಲಿ ಸಿಗುತ್ತದೆ, ಆಮೇಲೆ ಯುದ್ಧದಲ್ಲಿ ಅಣುಬಾಂಬಿನಿಂದ ಊರಿಗೆ ಊರೇ ಹಾಳಾಗುತ್ತದೆ ಅಂತ ಅದರಲ್ಲಿದೆ. ಅಣುಬಾಂಬು ಎಂಬ ಮಾತನ್ನೇ ಅವನು ಬಳಸಿದ್ದ. ವಿಮಾನದಲ್ಲಿ ಕೂತವನು ಕೈಯಿಂದ ಎತ್ತಿ ಕೆಳಗೆ ಹಾಕುತ್ತಾನೆ, ಅದು ಬೇರೆ ಮಾತು.

ಲಿಯೋ ಸಿಲಾರ್ಡ್ ಎಂಬ ಹಂಗೇರಿಯ ಭೌತವಿಜ್ಞಾನಿ 1932ರಲ್ಲಿ ಬರ್ಲಿನ್‌ನಲ್ಲಿದ್ದಾಗ ಈ ಕಾದಂಬರಿ ಓದಿದ. ಮಾರನೇ ವರ್ಷ ಹಿಟ್ಲರ್ ಬಂದ, ಯಹೂದಿಯಾಗಿದ್ದ ಸಿಲಾರ್ಡ್ ಲಂಡನ್‌ಗೆ ಓಡಿಬಂದ. ಅದೇ ಸೆಪ್ಟೆಂಬರ್‌ನಲ್ಲಿ ಪೇಪರಿನಲ್ಲಿ ಹೆಸರಾಂತ ಪರಮಾಣು ವಿಜ್ಞಾನಿ ರುದರ್‌ಫೋರ್ಡ್ ಭಾಷಣದ ವರದಿ ಬಂತು. ಪರಮಾಣುವಿನಿಂದ ಶಕ್ತಿ ತೆಗೆಯುತ್ತೇವೆ ಅನ್ನುವುದೆಲ್ಲಾ ಬುರುಡೆ ಅನ್ನುವ ಧಾಟಿಯ ಮಾತು. ಅಷ್ಟು ದೊಡ್ಡ ಮನುಷ್ಯ ಆಗಲ್ಲ ಅಂದದ್ದು ಸಿಲಾರ್ಡ್‌ಗೆ ಸರಿ ಕಾಣಲಿಲ್ಲ. ಅದನ್ನೇ ಯೋಚಿಸುತ್ತಾ ಸೌತಾಂಪ್ಟನ್ ರೋ ಎಂಬ ರಸ್ತೆಯಲ್ಲಿ ಸಿಗ್ನಲ್ ಹತ್ತಿರ ನಿಂತಿದ್ದ. ಕೆಂಪು ಹೋಗಿ ಹಸಿರು ಬಂತು, ರಸ್ತೆ ದಾಟಿದ. ಆಗ ಹೊಳೆಯಿತಂತೆ. ನ್ಯೂಟ್ರಾನ್ ಅಂದರೆ ಪರಮಾಣುವಿನೊಳಗಿನ ಒಂದು ಕಣ. ಒಂದು ನ್ಯೂಟ್ರಾನ್ ಹೋಗಿ ಒಂದು ಪರಮಾಣುವಿಗೆ ತಾಗಿದಾಗ ಎರಡು ನ್ಯೂಟ್ರಾನ್ ಹೊರಬಂದರೆ? ಆ ಎರಡು ಹೋಗಿ ನಾಲ್ಕು, ನಾಲ್ಕು ಹೋಗಿ ಎಂಟು, ಹೀಗೆ ಸರಪಳಿಯ ಹಾಗೆ ಬೆಳೆದು ಭಾರೀ ಶಕ್ತಿ ಹೊರಬರುತ್ತದೆ. ವರ್ಷ 1933. ಕಾದಂಬರಿಯಲ್ಲಿದ್ದ ವರ್ಷವೇ!

ವರ್ಷ ಹೊಂದಿದ್ದು ಆಕಸ್ಮಿಕ ಅಂತಲೇ ಇಟ್ಟುಕೊಳ್ಳಿ. ಆಮೇಲೆ ಅವನು ಮಾಡಿದ್ದು ಮಾತ್ರ ಆಕಸ್ಮಿಕ ಅಲ್ಲ. 1934ರಲ್ಲಿ ಈ ಐಡಿಯಾದ ಪೇಟೆಂಟ್‌ಗೆ ಅರ್ಜಿ ಹಾಕಿದ. 1936ರಲ್ಲಿ ಆ ಪೇಟೆಂಟನ್ನು ಬ್ರಿಟಿಷ್ ನೌಕಾಪಡೆಗೆ ಬರೆದುಕೊಟ್ಟ, ಗುಟ್ಟಾಗಿರಲಿ ಅಂತ. ಇದು ಹೊರಗೆ ಬಿದ್ದರೆ ಏನಾಗುತ್ತೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ನಾನು ವೆಲ್ಸ್‌ನನ್ನು ಓದಿದ್ದೆ ಅಂತ ಆಮೇಲೆ ತಾನೇ ಹೇಳಿಕೊಂಡಿದ್ದಾನೆ. ಆಗ ಈ ಸರಪಳಿಗೆ ಬೇಕಾದ ಯುರೇನಿಯಂ ಪರಮಾಣು ಒಡೆಯುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅದು ಗೊತ್ತಾಗಿದ್ದು 1938ರ ಕೊನೆಗೆ. (ಅತ್ತಿ, ನಿಮ್ಮ ಶಹಾಪುರದ ಹತ್ತಿರ ಗೋಗಿಯಲ್ಲಿ ನೆಲದೊಳಗೆ ಇದೆ ಅಂತ ಸರ್ಕಾರದವರು ಕೊರೆದು ಕೊರೆದು ನೋಡಿದರಲ್ಲ, ಅದೇ ಯುರೇನಿಯಂ.) 1939ರಲ್ಲಿ ಐನ್‌ಸ್ಟೈನ್ ಕೈಯಲ್ಲಿ ಅಮೆರಿಕದ ಅಧ್ಯಕ್ಷರಿಗೆ ಪತ್ರಕ್ಕೆ ಸಹಿ ಹಾಕಿಸಿದವನೂ ಇವನೇ. 1945ರಲ್ಲಿ ಜಪಾನ್ ಮೇಲೆ ಬಾಂಬು ಹಾಕುವ ಮೊದಲು ಯೋಚಿಸಿ ಅಂತ ವಿಜ್ಞಾನಿಗಳ ಸಹಿ ಸಂಗ್ರಹ ಮಾಡಿದವನೂ ಇವನೇ. ಬಾಂಬಿಗೆ ದಾರಿ ತೋರಿಸಿದ್ದೂ ಅದಕ್ಕೆ ಹೆದರಿದ್ದೂ ಒಬ್ಬನೇ ಮನುಷ್ಯ.

ಇಷ್ಟೆಲ್ಲಾ ಬರೆದ ಫಾರ್ವರ್ಡ್‌ನಲ್ಲಿ ನಮ್ಮ ಕಲಬುರಗಿ (ಆಗಿನ ಗುಲ್ಬರ್ಗಾ) ಜಿಲ್ಲೆಯ ಕತೆ ಇಲ್ಲ. ನಾನು ಇಷ್ಟು ಮಾತಾಡಿದ್ದೇ ಇದನ್ನು ಹೇಳಬೇಕು ಅಂತ.

1942ರಿಂದ ಅಮೆರಿಕದ ಒಂದು ಪತ್ರಿಕೆಯಲ್ಲಿ ಜಾರ್ಜ್ ಓ. ಸ್ಮಿತ್ ಎಂಬ ರೇಡಿಯೋ ಎಂಜಿನಿಯರ್ ಕತೆ ಬರೆಯುತ್ತಿದ್ದ. ಬಾಹ್ಯಾಕಾಶದಲ್ಲಿ ಒಂದು ನಿಲ್ದಾಣ, ಅಲ್ಲಿಂದ ಒಂದು ಗ್ರಹದ ಸುದ್ದಿಯನ್ನು ಇನ್ನೊಂದು ಗ್ರಹಕ್ಕೆ ದಾಟಿಸುವುದು. ಅದನ್ನು ಓದಿದವರಲ್ಲಿ ಇಂಗ್ಲೆಂಡಿನ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಒಬ್ಬ. 1945ರಲ್ಲಿ ಕ್ಲಾರ್ಕ್ ಒಂದು ಲೇಖನ ಬರೆದ, ಕತೆ ಅಲ್ಲ, ಲೆಕ್ಕ ಸಮೇತ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸಮಭಾಜಕದ ಮೇಲೆ ಉಪಗ್ರಹ ಇಟ್ಟರೆ ಅದು ಭೂಮಿಯ ಜೊತೆಗೇ ದಿನಕ್ಕೊಂದು ಸುತ್ತು ಹಾಕುತ್ತೆ, ನಮಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತೆ. ಅಂಥ ಮೂರು ಇದ್ದರೆ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು. ಆ ಕತೆಗಳು ತನಗೆ ಗೊತ್ತಿಲ್ಲದೆಯೇ ತಲೆಗೆ ಹೊಕ್ಕಿರಬೇಕು ಅಂತ ಕ್ಲಾರ್ಕ್ ಆಮೇಲೆ ಒಪ್ಪಿಕೊಂಡಿದ್ದಾನೆ. ಅವನಿಗೂ ಎಲ್ಲಾ ಕಂಡಿರಲಿಲ್ಲ. ಮೇಲೆ ಜನ ಇದ್ದುಕೊಂಡು ಸುಟ್ಟುಹೋದ ರೇಡಿಯೋ ವಾಲ್ವ್ ಬದಲಾಯಿಸುತ್ತಾರೆ ಅಂದುಕೊಂಡಿದ್ದ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವ ಮಾಳಿಗೆ ಹತ್ತಿ ನೋಡಿದರೂ ಡಿಶ್‌ಗಳೆಲ್ಲಾ ದಕ್ಷಿಣಕ್ಕೋ ಆಗ್ನೇಯಕ್ಕೋ ಮುಖ ಮಾಡಿವೆ, ಒಂದೂ ಅಲುಗಾಡಲ್ಲ. ಅದು ಇದೇ ಲೆಕ್ಕ.

ಇನ್ನು ನಮ್ಮ ಕತೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ನಮ್ಮ ದೇಶದ ಹಳ್ಳಿಗಳಿಗೆ ಟಿವಿ ತೋರಿಸಲು ಬಳಸಿದರು. ನಾಸಾದ ಉಪಗ್ರಹ, ಇಸ್ರೋದ ಕೆಲಸ, ಸೈಟ್ ಅಂತ ಯೋಜನೆಯ ಹೆಸರು. ಆರು ರಾಜ್ಯ, ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರನ್ನಲ್ಲ, ಮೈಸೂರನ್ನಲ್ಲ. ಗುಲ್ಬರ್ಗಾ, ಬಿಜಾಪುರ, ರಾಯಚೂರು! ಯಾದಗಿರಿ ಆಗ ನಮ್ಮ ಜಿಲ್ಲೆಯೊಳಗೇ ಇತ್ತು.

ಆ ಉಪಗ್ರಹದ ಆಂಟೆನಾ ಮೇಲೆ ಹೋದ ಮೇಲೆ ಛತ್ರಿಯ ಹಾಗೆ ಬಿಚ್ಚಿಕೊಳ್ಳುವಂಥದ್ದು, 30 ಅಡಿ ಅಗಲ. ಮೇಲಿಂದ ಬರುವ ಸಿಗ್ನಲ್ ಜೋರಾಗಿದ್ದರಿಂದ ಕೆಳಗೆ ಹಳ್ಳಿಯಲ್ಲಿ ಹತ್ತು ಅಡಿಯ ಡಿಶ್ ಸಾಕಾಯಿತು. ಅದನ್ನು ಮಾಡಿದ್ದು ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ. ಟಿವಿ ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್‌ನದು. ಕರೆಂಟ್ ಇಲ್ಲದ ಊರಿಗೆ ಬ್ಯಾಟರಿ. ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ. ನಮ್ಮ ಕಡೆಯ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಒಂದೇ ಚಿತ್ರಕ್ಕೆ ಎರಡು ಧ್ವನಿ, ಒಂದು ಕನ್ನಡ, ಒಂದು ತೆಲುಗು. ಸೇಡಂನವರಿಗೆ ಎರಡೂ ನಡೆಯುತ್ತಿತ್ತು ಬಿಡಿ ಮಾಮಾ.

ಆಗ ಕ್ಲಾರ್ಕ್ ಕೊಲಂಬೊದಲ್ಲಿದ್ದ. ಶ್ರೀಲಂಕಾದಲ್ಲಿ ಟಿವಿ ಕೇಂದ್ರವೇ ಇನ್ನೂ ಶುರುವಾಗಿರಲಿಲ್ಲ. ಇಸ್ರೋದವರು ಅವನ ಮನೆಗೂ ಒಂದು ಡಿಶ್ ಕೂರಿಸಿಕೊಟ್ಟರು. ಲೆಕ್ಕ ಹಾಕಿದವನು ಅಲ್ಲಿ ಕೂತು ನೋಡುತ್ತಿದ್ದ, ನಮ್ಮ ಹಳ್ಳಿಯವರು ಇಲ್ಲಿ ಶಾಲೆ ಮುಂದೆ ನೆಲದ ಮೇಲೆ ಕೂತು ಅದೇ ಉಪಗ್ರಹದಿಂದ ಬಂದದ್ದನ್ನು ನೋಡುತ್ತಿದ್ದರು. ವರ್ಷ ಮುಗಿದ ಮೇಲೆ ಉಪಗ್ರಹ ವಾಪಸ್ ಹೋಯಿತು. ಆದರೆ 1977ರಲ್ಲೇ ಗುಲ್ಬರ್ಗಾಕ್ಕೆ ದೂರದರ್ಶನದ ಟ್ರಾನ್ಸ್‌ಮಿಟರ್ ಬಂತು, ಬೆಂಗಳೂರಿಗೆ ಬಂದದ್ದು ಅದಾದ ಮೇಲೆ. ಹಿಂದುಳಿದ ಜಿಲ್ಲೆ ಅನ್ನುವವರಿಗೆ ಇದನ್ನೂ ಒಂದು ಸಲ ಹೇಳಿ.

ಈಗ ದೊಡ್ಡವರಿಗೆ ಒಂದು ಕೆಲಸ. ಆ ವರ್ಷ ನಿಮ್ಮ ಊರಿಗೆ ಈ ಟಿವಿ ಬಂದಿತ್ತಾ? ಡಿಶ್ ಎಲ್ಲಿ ಇಟ್ಟಿದ್ದರು, ಕರೆಂಟಿನಲ್ಲಿ ನಡೆಯುತ್ತಿತ್ತಾ ಬ್ಯಾಟರಿಯಲ್ಲಾ, ಏನು ತೋರಿಸುತ್ತಿದ್ದರು, ನೆನಪಿದ್ದಷ್ಟು ಹೇಳಿ. ಟೈಪ್ ಮಾಡಬೇಡಿ, ವಾಯ್ಸ್ ಹಾಕಿ. ಆಗ ಮೇಷ್ಟ್ರುಗಳಿಗೆ ವಿಜ್ಞಾನ ಪಾಠದ ತರಬೇತಿಯನ್ನೂ ಇದೇ ಟಿವಿಯಲ್ಲಿ ಕೊಟ್ಟಿದ್ದರು. ಆಳಂದದ ಕಾಕಾ ಆಗ ತಾನೇ ಕೆಲಸಕ್ಕೆ ಸೇರಿದ್ದರು ಅಲ್ವಾ? ಅವರು ಗ್ರೂಪಿನಲ್ಲಿಲ್ಲ. ತಮ್ಮಾ, ಇವತ್ತು ಸಂಜೆ ಅವರಿಗೆ ನೀನೇ ಫೋನ್ ಹಚ್ಚು, ರೆಕಾರ್ಡ್ ಮಾಡಿ ಇಲ್ಲಿ ಹಾಕು.