ವಿಷಯ: ಆಕ್ಯುಪೇಷನಲ್ ಥೆರಪಿಗೆ ಕನ್ನಡ ಪದ ಬೇಕು (ತುರ್ತು, ಬೋರ್ಡಿಗೆ)

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯಲ್ಲಿ ಅಕ್ಕನ ಮಗಳು ಆಕ್ಯುಪೇಷನಲ್ ಥೆರಪಿ ಕ್ಲಿನಿಕ್ ತೆರೆಯುತ್ತಿದ್ದಾಳೆ. ನಾಳೆ ಸಂಜೆಯೊಳಗೆ ಬೋರ್ಡ್ ಬರೆಯುವವರಿಗೆ ಪದ ಕೊಡಬೇಕು. 'ಔದ್ಯೋಗಿಕ ಚಿಕಿತ್ಸೆ' ಅಂತ ಬರೆಸಿದರೆ ಕೆಲಸ ಕೊಡಿಸುವ ಆಫೀಸು ಅಂದುಕೊಂಡು ಹುಡುಗರು ಮಾರ್ಕ್ಸ್ ಕಾರ್ಡ್ ಹಿಡಿದು ಬರುತ್ತಾರೆ. 'ವೃತ್ತಿ ಚಿಕಿತ್ಸೆ'ಯದ್ದೂ ಅದೇ ಕಥೆ. ಅವಳು ಮಾಡುವುದೇ ಬೇರೆ. ಲಕ್ವ ಹೊಡೆದವರಿಗೆ ಅಂಗಿ ಹಾಕಿಕೊಳ್ಳುವುದನ್ನು ಮತ್ತೆ ಕಲಿಸುತ್ತಾಳೆ. ಸ್ವಾಧೀನ ತಪ್ಪಿದ ಕೈಗೆ ಮೊದಲು ಅಂಗಿಯ ತೋಳು ಏರಿಸಬೇಕು, ಬಿಚ್ಚುವಾಗ ಆ ಕೈಯದ್ದೇ ಕೊನೆಗೆ. ಮುಷ್ಟಿ ಬಿಗಿಯಾಗದವರಿಗೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡುತ್ತಾಳೆ. ಪೆನ್ಸಿಲ್ ಹಿಡಿಯಲು ಒದ್ದಾಡುವ ಮಕ್ಕಳಿಗೂ ಕಲಿಸುತ್ತಾಳೆ. ಫಿಜಿಯೋಥೆರಪಿ ಅಂತ ತಪ್ಪು ತಿಳಿಯದ ಹಾಗೆ ಒಂದು ಪದ ಹೇಳಿ.

ಉತ್ತರ 1: 'ಕಸುಬುಮದ್ದು'. ಎರಡೂ ಅಚ್ಚಗನ್ನಡ. ಸಂಸ್ಕೃತದ ಹಂಗು ಸಾಕು.

ಉತ್ತರ 2: ಕಸುಬು ಅಚ್ಚಗನ್ನಡವಾದದ್ದು ಯಾವಾಗ ಸರ್? ಅದು ಅರಬ್ಬಿಯ 'ಕಸ್ಬ್', ಅಂದರೆ ಗಳಿಕೆ. ಇನ್ನು ಮದ್ದು ಅಂದರೆ ಕೊಡಗಿನವರಿಗೆ ಕಕ್ಕಡ ತಿಂಗಳ (ಆಟಿ) 18ರ ಮದ್ದುಸೊಪ್ಪಿನ ಪಾಯಸ, ಇಲ್ಲವೇ ಕೋವಿಯ ಮದ್ದು. ಎರಡೂ ಆ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ.

ಇಂಗ್ಲಿಷಿನ 'ಆಕ್ಯುಪೇಷನ್' ಪದದ ಮೂಲದಲ್ಲೂ ಸಂಬಳದ ಮಾತಿಲ್ಲ. 'ಹಿಡಿ' ಅನ್ನುವ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ನಾವೂ ಕೆಲಸ ಹಿಡಿಯುತ್ತೇವಲ್ವಾ! 1917ರಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಸಂಘ ಕಟ್ಟಿದ ಕಾಲಕ್ಕೆ ಬುಟ್ಟಿ ಹೆಣೆಯುವುದು, ನೇಯುವುದು ಇಂಥವೇ ಚಿಕಿತ್ಸೆ. ಕೈಯನ್ನೂ ಮನಸ್ಸನ್ನೂ ತೊಡಗಿಸುವುದು ಉದ್ದೇಶ. ಹಾಗಾಗಿ 'ತೊಡಗು ಚಿಕಿತ್ಸೆ'.

ಉತ್ತರ 1: ಲಕ್ವ, ಕ್ಲಿನಿಕ್, ಬೋರ್ಡ್ ಎಲ್ಲ ಹೊರಗಿನವೇ. ಹೀಗೇ ಬಿಟ್ಟರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಉತ್ತರ 3: ಕಾಫಿಗೂ ಒಂದು ಅಚ್ಚಗನ್ನಡ ಪದ ಹುಟ್ಟಿಸಿ, ಅಮ್ಮತ್ತಿ ತೋಟದವರಿಗೆ ಕಳಿಸೋಣ. ಸುಮ್ನೆ ಎಳೆಯಬೇಡಿ. 'ತೊಡಗು ಚಿಕಿತ್ಸೆ' ಓದಿ ಯಾರಿಗೂ ಏನೂ ತಿಳಿಯಲ್ಲ. ಮೇಡಂ, ದೊಡ್ಡದಾಗಿ 'ಆಕ್ಯುಪೇಷನಲ್ ಥೆರಪಿ' ಅಂತಲೇ ಬರೆಸಿ. ಡಾಕ್ಟರ್ ಚೀಟಿಯಲ್ಲಿ ಬರುವುದೂ ಅದೇ. ಕೆಳಗೆ ಕನ್ನಡದಲ್ಲಿ ಒಂದು ಸಾಲು: 'ಊಟ, ಉಡುಗೆ, ಬರವಣಿಗೆ ಮತ್ತೆ ರೂಢಿಸುವ ಚಿಕಿತ್ಸೆ'.

ಉತ್ತರ 2: 'ಮತ್ತೆ' ತೆಗೆಯಿರಿ. ಮಕ್ಕಳು ಮೊದಲ ಸಲ ಕಲಿಯುವವರು.

ಮೂಲ ಪ್ರಶ್ನೆ ಕೇಳಿದವರು: 'ಮತ್ತೆ' ತೆಗೆದೆ, ಉಳಿದದ್ದು ಹಾಗೇ. ಪೇಂಟರಿಗೆ ವಾಟ್ಸಾಪ್ ಮಾಡಿದ್ದೇನೆ. ಕಸುಬಿನ ಜಗಳ ದಯವಿಟ್ಟು ಬೇರೆ ವಿಷಯದಡಿ ಮುಂದುವರಿಸಿ.