ಸಹಾಯ ಬೇಕು: ಮಠದ ವೃದ್ಧಾಶ್ರಮದಲ್ಲಿರುವ ಸೋದರತ್ತೆಯವರ ಆರೈಕೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮರೆವಿನ ಕಾಯಿಲೆಯಿರುವ ನನ್ನ ಸೋದರತ್ತೆಯವರು ಧಾರವಾಡದ ಸಮೀಪ ಮಠವೊಂದು ನಡೆಸುವ ವೃದ್ಧಾಶ್ರಮದಲ್ಲಿದ್ದಾರೆ. ಬೆಳಗಿನ ಪೂಜೆ, ಸಂಜೆಯ ಭಜನೆ, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಯಾವುದಕ್ಕೂ ಕೊರತೆಯಿಲ್ಲ, ಸಿಬ್ಬಂದಿಯೂ ಒಳ್ಳೆಯವರೇ. ಆದರೆ ಅವರು ಹಾಸಿಗೆ ಹಿಡಿದ ಮೇಲೆ ಸೊಂಟದ ಕೆಳಗೂ ಬಲ ಹಿಮ್ಮಡಿಯಲ್ಲೂ ಹುಣ್ಣಾಗಿದ್ದು, ಹಿಮ್ಮಡಿಯ ಹುಣ್ಣು ಈಗ ಕಪ್ಪಗಾಗಿ ವಾಸನೆ ಬರುತ್ತಿದೆ. ಇಂಥವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸಬೇಕು. ರಾತ್ರಿ ಇಡೀ ಮಹಡಿಗೆ ಒಬ್ಬರೇ ಆಯಾ ಇರುವಲ್ಲಿ ಅದು ಹೇಗೆ ಸಾಧ್ಯ? ಕೇಳಿದರೆ ‘ಇದು ಸೇವೆ, ಆಸ್ಪತ್ರೆಯಲ್ಲ’ ಎಂಬ ಉತ್ತರ ಬರುತ್ತದೆ. ಸೇವೆಯೆಂದು ಹೇಳಿಕೊಳ್ಳುವ ಕಡೆ ಗಾಯದ ಆರೈಕೆ ಇನ್ನಷ್ಟು ಚೆನ್ನಾಗಿರಬೇಕು ಎಂದೇ ನಾನು ನಂಬಿದ್ದೇನೆ.

ಹಿರಿಯ ನಾಗರಿಕರ ಸಹಾಯವಾಣಿ 14567 ಇರುವುದು ಗೊತ್ತು. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಹೋಗುವುದು ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೇಳುವ ಪ್ರಕರಣಗಳು. ಟ್ರಸ್ಟ್ ನಡೆಸುವ ಆಶ್ರಮದ ಆರೈಕೆಯ ಬಗ್ಗೆ ಜಿಲ್ಲೆಯಲ್ಲಿ ಯಾವ ಅಧಿಕಾರಿಗೆ ಲಿಖಿತ ಮನವಿ ಕೊಡಬೇಕು, ಹಾಸಿಗೆ ಹಿಡಿದವರನ್ನು ಬೇರೆಡೆ ಸುಲಭವಾಗಿ ಸೇರಿಸಿಕೊಳ್ಳದಿರುವುದರಿಂದ ಅವರ ಜಾಗಕ್ಕೆ ಧಕ್ಕೆಯಾಗದಂತೆ ಅದನ್ನು ಹೇಗೆ ಬರೆಯಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ. ಹುಬ್ಬಳ್ಳಿ-ಧಾರವಾಡದಲ್ಲಿ ಏರ್‌ ಬೆಡ್ ಬಾಡಿಗೆಗೆ ಕೊಡುವವರು, ಇದ್ದಲ್ಲಿಗೇ ಬಂದು ಡ್ರೆಸಿಂಗ್ ಮಾಡುವ ನರ್ಸ್ ಯಾರಾದರೂ ಗೊತ್ತಿದ್ದರೆ ಮೊದಲು ಅದನ್ನೇ ಹೇಳಿ.